ಮಬಿನಿಯ ಕಾಲನ್ನಷ್ಟೇ ನೋಡಬೇಡಿ

ಮಾನ್ಯರೇ,

ನಿಮ್ಮ ಮಕ್ಕಳ ಪುರವಣಿಯಲ್ಲಿ ಫಿಲಿಪ್ಪೀನ್ಸ್‌ನ ಕ್ರಾಂತಿಕಾರಿ ಅಪೊಲಿನಾರಿಯೊ ಮಬಿನಿ ಬಗ್ಗೆ ಬಂದ ಕಿರುಬರಹ ಓದಿದೆ. ನಡೆಯಲಾಗದಿದ್ದರೂ ಛಲ ಬಿಡದ ವೀರ ಎಂದು ಹೊಗಳಿ ಮುಗಿಸಿದ್ದೀರಿ. ಚಿಕ್ಕಂದಿನಲ್ಲೇ ಪೋಲಿಯೊ ಬಂದು, ಕಾಲಿಗೆ ಕ್ಯಾಲಿಪರ್ (ಲೋಹದ ಆಸರೆ) ಕಟ್ಟಿಕೊಂಡೇ ಇತಿಹಾಸ ಪಾಠ ಮಾಡಿದವನು ನಾನು. ಮಬಿನಿ ಮಾಡಿದ್ದೇನು ಎಂಬುದೇ ನಿಮ್ಮ ಬರಹದಲ್ಲಿಲ್ಲ.

ಬಟಾಂಗಸ್ ಪ್ರಾಂತ್ಯದ ಬಡವರ ಮಗ, ಕಷ್ಟಪಟ್ಟು ಕಾನೂನು ಓದಿದವರು. 1896ರಲ್ಲಿ ಎರಡೂ ಕಾಲು ಸ್ವಾಧೀನ ತಪ್ಪಿದವು. ಆ ವರ್ಷವೇ, ಆಗ ಫಿಲಿಪ್ಪೀನ್ಸನ್ನು ಆಳುತ್ತಿದ್ದ ಸ್ಪೇನಿನವರು ಬಂಧಿಸಿದರು. 1898ರಲ್ಲಿ ಕ್ರಾಂತಿಯ ನಾಯಕ ಅಗಿನಾಲ್ಡೊ ಕರೆಸಿಕೊಂಡಾಗ ಜನ ಜೋಲಿಯಲ್ಲಿ ಹೊತ್ತು, ಹೆಗಲು ಬದಲಿಸುತ್ತ ಕರೆತಂದರು. ಕರುಣೆಯಿಂದಲ್ಲ, ಹೊಸ ಸರ್ಕಾರಕ್ಕೆ ಆ ತಲೆ ಬೇಕಿತ್ತು. ಊರೂರಿನ ಆಡಳಿತ, ನ್ಯಾಯಾಲಯಗಳ ವ್ಯವಸ್ಥೆಗೆ ಆದೇಶ ಬರೆದುಕೊಟ್ಟವರು ಅವರೇ.

ಅಷ್ಟರಲ್ಲಿ ಸ್ಪೇನ್ 2 ಕೋಟಿ ಡಾಲರ್ ಪಡೆದು ಇಡೀ ಫಿಲಿಪ್ಪೀನ್ಸನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. 1899ರ ಜನವರಿಯಲ್ಲಿ ಮಬಿನಿ ಪ್ರಧಾನಿಯಾದರು, ಫೆಬ್ರುವರಿಯಲ್ಲಿ ಅಮೆರಿಕದೊಡನೆ ಯುದ್ಧ. ಅಮೆರಿಕನ್ನರು ತಮ್ಮ ಆಳ್ವಿಕೆಯಡಿ ಸ್ವಾಯತ್ತತೆಯ ಆಮಿಷ ಒಡ್ಡಿದಾಗ ಸಂಸತ್ತಿನ ಸಿರಿವಂತ ಪ್ರತಿನಿಧಿಗಳು ಅತ್ತ ವಾಲಿದರು, ಮಬಿನಿ ಒಪ್ಪಲಿಲ್ಲ. ಮೇ ತಿಂಗಳಲ್ಲಿ ಅಧಿಕಾರ ಹೋಯಿತು. ಡಿಸೆಂಬರ್‌ನಲ್ಲಿ ಸೆರೆಸಿಕ್ಕರು. ಅಮೆರಿಕಕ್ಕೆ ನಿಷ್ಠೆಯ ಪ್ರಮಾಣ ಮಾಡಲೊಲ್ಲೆನೆಂದಿದ್ದಕ್ಕೆ 1901ರಲ್ಲಿ ಗುವಾಮ್ ದ್ವೀಪಕ್ಕೆ ಗಡಿಪಾರು. ಅಲ್ಲಿ ಕೂತು ಕ್ರಾಂತಿಯ ಇತಿಹಾಸ ಬರೆದರು. ಕ್ರಾಂತಿಗೆ ನಾಂದಿ ಹಾಡಿದ ಬೊನಿಫಾಸಿಯೊನನ್ನು ಕೊಲ್ಲಿಸಿದ್ದು ಅಪರಾಧ ಎಂದು ತಮ್ಮ ನಾಯಕ ಅಗಿನಾಲ್ಡೊನನ್ನೇ ಅದರಲ್ಲಿ ತರಾಟೆಗೆ ತೆಗೆದುಕೊಂಡಿದ್ದಾರೆ. ನನಗೆ ಅವರು ದೊಡ್ಡವರಾಗಿ ಕಾಣುವುದು ಇಲ್ಲಿ.

1903ರಲ್ಲಿ, ಸ್ವದೇಶಕ್ಕೆ ಮರಳಲೇಬೇಕೆಂದು, ಕೊನೆಗೂ ಪ್ರಮಾಣ ಮಾಡಿದರು. ಇದನ್ನು ಶರಣಾಗತಿ ಎನ್ನಲು ನನಗೆ ಮನಸ್ಸು ಬಾರದು. ಬಂದ ಕೆಲವೇ ತಿಂಗಳಲ್ಲಿ, ಮೇ 13ರಂದು, ಕಾಲರಾ ಬಡಿದು ತೀರಿಕೊಂಡರು. ಆಗಿನ್ನೂ 38 ವರ್ಷ.

ಇನ್ನೊಂದು ಮಾತು. ಅವರ ಕಾಲು ಹೋದದ್ದು ಸಿಫಿಲಿಸ್ ಎಂಬ ಲೈಂಗಿಕ ರೋಗದಿಂದ ಎಂಬ ಅಪಪ್ರಚಾರ ಸತ್ತ ಮೇಲೂ ಬಿಡಲಿಲ್ಲ. 1980ರಲ್ಲಿ ಮೂಳೆಗಳನ್ನು ಪರೀಕ್ಷಿಸಿದ ಮೇಲೆ ಅದು ಪೋಲಿಯೊ ಎಂದು ತಿಳಿಯಿತು. ಯಾವ ಜನ್ಮದ ಪಾಪವೋ ಎಂದು ನನ್ನ ತಾಯಿಯ ಎದುರೇ ಆಡಿದವರು ನಮ್ಮೂರಲ್ಲೂ ಇದ್ದರು. ಹೀಗಾಗಿ ಈ ಸಂಗತಿ ಮಕ್ಕಳಿಗೆ ತಿಳಿಯಲೇಬೇಕು.

ಜುಲೈ 23 ಮಬಿನಿಯ ಜನ್ಮದಿನ. ಅಂದು ಪೂರ್ತಿ ಲೇಖನವೊಂದನ್ನು ದಯವಿಟ್ಟು ಪ್ರಕಟಿಸಿ. ಬೇಕೆಂದರೆ ಬರೆದುಕೊಡಲು ನಾನು ಸಿದ್ಧ.

– ನಿವೃತ್ತ ಇತಿಹಾಸ ಶಿಕ್ಷಕ, ಅರಸೀಕೆರೆ