ಯಜಮಾನರು ಜೊತೆಗಿರುವಾಗಲೇ ಕೇಳಿ, ಬರೆದುಕೊಳ್ಳಿ

ನಮ್ಮ ಸಂಘದ ಗಿಡಪ್ರಿಯರ ಗುಂಪು ಈಚೆಗೆ ಖಾಸಗಿ ಪಾಮ್ ತೋಟಗಳನ್ನು ಒಂದೊಂದಾಗಿ ನೋಡಿಬರುತ್ತಿದೆ. ನಾನೂ ಜೊತೆಗೆ ಹೋಗುತ್ತಿದ್ದೇನೆ. ಬಾರದವರು ಒಂದು ಪ್ರಶ್ನೆ ಕೇಳುತ್ತಾರೆ: "ಬೊಟಾನಿಕಲ್ ಗಾರ್ಡನ್‌ನಲ್ಲಿ ಇದಕ್ಕಿಂತ ಜಾಸ್ತಿ ಗಿಡ ಇರುತ್ತವಲ್ಲ, ಯಾರದೋ ಹಿತ್ತಲಲ್ಲಿ ಏನು ನೋಡುವುದು?" ನ್ಯಾಯವಾದ ಪ್ರಶ್ನೆಯೇ. ಈ ಸಲದ ಸಂಪಾದಕೀಯ ಅದಕ್ಕೆ ಉತ್ತರ.

ಬೊಟಾನಿಕಲ್ ಗಾರ್ಡನ್‌ನಲ್ಲಿ ಗಿಡದ ಮುಂದೆ ಹೆಸರಿನ ಫಲಕ ಇರುತ್ತದೆ. ಖಾಸಗಿ ತೋಟದಲ್ಲಿ ಗಿಡದ ಪಕ್ಕ ಬೀಜ ಹಾಕಿದವರೇ ನಿಂತಿರುತ್ತಾರೆ. ಪಾಮ್ ವಿಷಯದಲ್ಲಿ ಇದು ಬಹಳ ದೊಡ್ಡ ವ್ಯತ್ಯಾಸ. ಪಾಮ್ ಬೆಳೆಸುವವರು ತಿಂಗಳ ಲೆಕ್ಕ ಹಾಕುವುದಿಲ್ಲ. ಕೆಲವು ಜಾತಿಗಳಲ್ಲಿ ಬೀಜ ಮೊಳೆಯುವುದಕ್ಕೇ ಒಂದೆರಡು ವರ್ಷ ಬೇಕು. ಮೊಳೆತ ಮೇಲೂ ಗಿಡ ವರ್ಷಗಟ್ಟಲೆ ನೆಲದ ಮಟ್ಟದಲ್ಲೇ ಕೂತಿರುತ್ತದೆ. ಅಷ್ಟು ಕಾದು ತೋಟ ಕಟ್ಟಿದವರ ಹತ್ತಿರ ಹೇಳುವುದಕ್ಕೆ ಎಷ್ಟೊಂದು ಇರುತ್ತದೆ! ಯಾವ ಬೀಜ ಎಲ್ಲಿಂದ ಬಂತು, ಯಾವ ಚಳಿಗೆ ಯಾವುದು ಸುಟ್ಟುಹೋಯಿತು, ಯಾವುದನ್ನು ನೆರಳಿನಿಂದ ಬಿಸಿಲಿಗೆ ತಂದಾಗ ಏನಾಯಿತು. ಇದೆಲ್ಲ ಸಾಮಾನ್ಯವಾಗಿ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ಕಾಗದದ ಮೇಲೆ ಇರುವುದು ಅಪರೂಪ. ಅದಕ್ಕೇ ನಾನು ಪ್ರತಿ ಭೇಟಿಯಲ್ಲೂ ಎಲ್ಲರಿಗೂ ಹೇಳುತ್ತೇನೆ, ಫೋಟೋ ಆಮೇಲೆ ತೆಗೆಯಿರಿ, ಮೊದಲು ಕೇಳಿ, ಬರೆದುಕೊಳ್ಳಿ.

ಗುಂಪಿಗೆ ಹೊಸದಾಗಿ ಬಂದವರು ತಲೆಯೆತ್ತಿ ಗರಿ ನೋಡುತ್ತಾರೆ. ಹಳಬರು ಬಗ್ಗಿ ಬುಡ ನೋಡುತ್ತಾರೆ. ಇದಕ್ಕೆ ಕಾರಣ ಇದೆ. ಮಾವು, ಹಲಸಿನಂಥ ಮರಗಳ ಕಾಂಡ ವರ್ಷ ವರ್ಷ ದಪ್ಪವಾಗುತ್ತಾ ಹೋಗುತ್ತದೆ. ತೊಗಟೆಯ ಒಳಗೆ ಕ್ಯಾಂಬಿಯಮ್ ಅನ್ನುವ ಬೆಳೆಯುವ ಪದರ ಇರುವುದರಿಂದ ಅದು ಸಾಧ್ಯ. ಪಾಮ್‌ಗೆ ಆ ಪದರವೇ ಇಲ್ಲ. ಅದು ಹುಲ್ಲು, ಬಿದಿರಿನ ಹಾಗೆ ಒಂದೇ ಬೀಜದಳದ ಗಿಡ. ಹಾಗಾಗಿ ಹೆಚ್ಚಿನ ಪಾಮ್‌ಗಳು ಮೊದಲು ನೆಲಮಟ್ಟದಲ್ಲೇ ತಮಗೆ ಬೇಕಾದಷ್ಟು ಅಗಲವಾಗುತ್ತವೆ, ಆಮೇಲೆ ಮೇಲೇಳುತ್ತವೆ. "ಐದು ವರ್ಷ ಆಯ್ತು, ಬೆಳೆಯುತ್ತಲೇ ಇಲ್ಲ" ಎಂದು ನಾವು ಬೇಸರ ಮಾಡಿಕೊಳ್ಳುವ ಹೊತ್ತಿನಲ್ಲಿ ಗಿಡ ಬುಡ ಕಟ್ಟುತ್ತಿರುತ್ತದೆ. ಬೀಸಣಿಗೆ ಗರಿಯ ಸಬಾಲ್ ಎಂಬ ಪಾಮ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಗರಿ ದೊಡ್ಡದಾಗುತ್ತಿರುತ್ತದೆ, ಕಾಂಡ ಮಾತ್ರ ಕಾಣುವುದೇ ಇಲ್ಲ.

ಕಾಂಡ ಮೇಲೆದ್ದ ನಂತರ ಅದು ಮರದ ದಿನಚರಿ ಪುಸ್ತಕ. ಒಮ್ಮೆ ಆದ ಅಗಲವನ್ನು ತಿದ್ದಲು ಮರಕ್ಕೆ ಬರುವುದಿಲ್ಲ. ಬರ ಬಂದ ವರ್ಷ, ಕಿತ್ತು ಬೇರೆ ಕಡೆ ನೆಟ್ಟ ವರ್ಷ, ಗೊಬ್ಬರ ಸಿಗದ ವರ್ಷ, ಎಲ್ಲವೂ ಸಣ್ಣ ಸೊಂಟವಾಗಿ ಕಾಂಡದಲ್ಲಿ ಉಳಿದುಬಿಡುತ್ತವೆ. ಉದುರಿದ ಗರಿಗಳ ಗುರುತು ಉಂಗುರಗಳಾಗಿ ಉಳಿಯುತ್ತದೆ. ಆ ಜಾತಿ ವರ್ಷಕ್ಕೆ ಎಷ್ಟು ಗರಿ ಬಿಡುತ್ತದೆ ಎಂದು ಗೊತ್ತಿದ್ದರೆ ಉಂಗುರ ಎಣಿಸಿ ಅಂದಾಜು ವಯಸ್ಸು ಹೇಳಬಹುದು. ಚೆನ್ನಾಗಿ ನೋಡಿಕೊಂಡ ತೆಂಗು ವರ್ಷಕ್ಕೆ ಸುಮಾರು 12 ಗರಿ ಬಿಡುತ್ತದೆ. ಕಾಂಡದ ಸೊಂಟದ ಮೇಲೆ ಕೈಯಿಟ್ಟು "ಇದು ಯಾವಾಗ ಆಯಿತು?" ಎಂದು ಕೇಳಿನೋಡಿ. ಅಲ್ಲಿಯವರೆಗೆ ಚುಟುಕಾಗಿ ಮಾತಾಡುತ್ತಿದ್ದ ಯಜಮಾನರು ಅರ್ಧ ಗಂಟೆ ನಿಲ್ಲಿಸದೆ ಹೇಳುತ್ತಾರೆ.

ಕ್ಯಾಂಬಿಯಮ್ ಇಲ್ಲದಿರುವುದಕ್ಕೆ ಇನ್ನೊಂದು ಮುಖವೂ ಇದೆ. ಪಾಮ್ ಕಾಂಡಕ್ಕೆ ಆದ ಗಾಯ ಮುಚ್ಚಿಕೊಳ್ಳುವುದಿಲ್ಲ. ಮೊಳೆ ಹೊಡೆದರೆ, ಮುಳ್ಳಿನ ಬೂಟು ಹಾಕಿ ಹತ್ತಿದರೆ ಆ ತೂತು ಮರ ಇರುವಷ್ಟು ಕಾಲ ಇರುತ್ತದೆ. ದೀಪದ ಸರ ತೂಗಿಸಲು ಕೂಡ ಮೊಳೆ ಬೇಡ. ಇನ್ನು ಒಂಟಿ ಕಾಂಡದ ಜಾತಿಗಳಿಗೆ ಇರುವುದು ಒಂದೇ ಸುಳಿ. ಅದು ಹೋದರೆ ಮರ ಹೋಯಿತು.

ತೋಟದಲ್ಲಿ ಸತ್ತ ಗಿಡಗಳ ಬಗ್ಗೆ ಕೇಳುವುದಕ್ಕೆ ಹಿಂಜರಿಯಬೇಡಿ. ನನ್ನ ಮಟ್ಟಿಗೆ ಇಡೀ ಭೇಟಿಯಲ್ಲಿ ಅತ್ಯಂತ ಉಪಯೋಗದ ಮಾತು ಅದೇ. ಬದುಕಿರುವ ಗಿಡ ಕಣ್ಣೆದುರಿಗೇ ಇದೆ. ಸತ್ತದ್ದನ್ನು ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಮಡಗಾಸ್ಕರ್‌ನ ಬಿಸ್ಮಾರ್ಕಿಯಾ ನೋಡಿ, ಬೆಳ್ಳಿ ಬಣ್ಣದ ದೊಡ್ಡ ಬೀಸಣಿಗೆ ಗರಿಗಳ ಆ ಮರಕ್ಕೆ ಮರುಳಾಗದವರಿಲ್ಲ. ಆದರೆ ಬೇರು ಅಲುಗಿದರೆ ಅದು ಸಹಿಸುವುದಿಲ್ಲ. ಜಾಗ ಬದಲಿಸಲು ಹೋಗಿ ಕಳೆದುಕೊಂಡವರು ಬಹಳ ಜನ. ಆ ಮಾತನ್ನು ಕಳೆದುಕೊಂಡವರ ಬಾಯಲ್ಲೇ ಕೇಳಿದರೆ ನಾವು ಮೊದಲ ಸಲವೇ ಸರಿಯಾದ ಜಾಗ ನೋಡಿ ನೆಡುತ್ತೇವೆ.

ಪಾಮ್ ಅಂದರೆ ಹೊರಗಿನ ಗಿಡ, ಹೋಟೆಲ್ ಮುಂದೆ ನಿಲ್ಲಿಸುವ ಗಿಡ ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ತೆಂಗು, ಅಡಿಕೆ, ಈಚಲು, ತಾಳೆ, ಬೈನೆ ಎಲ್ಲ ಇದೇ ಕುಟುಂಬ. ಬಳ್ಳಿಯಂತೆ ಹಬ್ಬುವ ಬೆತ್ತ ಕೂಡ ಪಾಮ್! ಇಡೀ ಕುಟುಂಬದಲ್ಲಿ ಸುಮಾರು 2,600 ಜಾತಿಗಳಿವೆ. ಹಾಗಾಗಿ ಯಾವ ತೋಟಕ್ಕೆ ಹೋದರೂ ಕನ್ನಡದವರಿಗೆ ಒಂದು ಅನುಕೂಲ ಇದೆ. ಗರಿಯನ್ನೋ ಹೂಗೊನೆಯನ್ನೋ ನೋಡಿದ ಕೂಡಲೇ "ಇದು ಅಡಿಕೆಯ ಕಡೆಯದು, ಇದು ಈಚಲಿನ ಕಡೆಯದು" ಎಂದು ಅಂದಾಜು ಮಾಡಬಹುದು.

ಬೈನೆಯನ್ನೇ ತೆಗೆದುಕೊಳ್ಳಿ. ಪಾಮ್‌ಗಳಲ್ಲಿ ಗರಿ ಎರಡೆರಡು ಸಲ ಸೀಳಿಕೊಂಡು ಮೀನಿನ ಬಾಲದಂಥ ಎಲೆಗಳಾಗುವುದು ಇದರ ಕುಲದಲ್ಲಿ ಮಾತ್ರ. ಹೂ ಬಿಡುವ ರೀತಿಯೂ ಬೇರೆ. ಮೊದಲ ಗೊನೆ ತುದಿಯಲ್ಲಿ ಬರುತ್ತದೆ. ಮುಂದಿನದು ಅದರ ಕೆಳಗೆ, ಅದರ ಮುಂದಿನದು ಇನ್ನೂ ಕೆಳಗೆ. ಹೀಗೆ ಕೆಲವು ವರ್ಷ ಕೆಳಗಿಳಿಯುತ್ತಾ ಬಂದು ಕೊನೆಗೆ ಮರ ಸಾಯುತ್ತದೆ. ಶ್ರೀತಾಳೆಯದು ಇನ್ನೂ ಭಾರಿ. ಹಲವು ದಶಕ ಸುಮ್ನೆ ಗರಿ ಬಿಟ್ಟುಕೊಂಡು ನಿಂತಿದ್ದು, ಒಂದೇ ಒಂದು ಸಲ ನೆತ್ತಿಯ ಮೇಲೆ ಹೂ ಬಿಡುತ್ತದೆ. ಗಿಡಗಳ ಲೋಕದಲ್ಲಿ ಅಷ್ಟು ದೊಡ್ಡ ಹೂಗೊನೆ ಇನ್ನೊಂದಿಲ್ಲ. ಕಾಯಿ ಬಲಿತ ಮೇಲೆ ಮರ ಮುಗಿಯಿತು. ಶ್ರೀತಾಳೆ ನೆಡುವವರು ಅದರ ಹೂ ನೋಡುವ ಖಾತ್ರಿ ಇಲ್ಲದೆಯೇ ನೆಡುತ್ತಾರೆ. ಅಂಥವರ ಬಗ್ಗೆ ನನಗೆ ಬಹಳ ಗೌರವ.

ಇಂಥ ಹವ್ಯಾಸಿಗಳನ್ನು ಹಗುರವಾಗಿ ನೋಡಬಾರದು. ಪಾಮ್ ಪ್ರಿಯರ ಅಂತರರಾಷ್ಟ್ರೀಯ ಸಂಘ 1956ರಲ್ಲಿ ಫ್ಲಾರಿಡಾದಲ್ಲಿ ಡೆಂಟ್ ಸ್ಮಿತ್ ಎಂಬ ಹವ್ಯಾಸಿಯ ಉತ್ಸಾಹದಿಂದ ಹುಟ್ಟಿತು. ವಿಜ್ಞಾನಿಗಳೂ ಹಿತ್ತಲ ತೋಟದವರೂ ಒಟ್ಟಿಗೆ ಕೂರುವ ಜಾಗ ಅದು. ಈ ಕೂಡುವಿಕೆಯ ಫಲ ಏನು ಎಂದು ತಿಳಿಯಲು ತಾಹಿನಾ ಮರದ ಕಥೆ ಸಾಕು. ಮಡಗಾಸ್ಕರ್‌ನ ವಾಯವ್ಯ ಭಾಗದಲ್ಲಿ ಗೋಡಂಬಿ ತೋಟ ನೋಡಿಕೊಳ್ಳುತ್ತಿದ್ದ ಒಬ್ಬರು ಕುಟುಂಬದ ಜೊತೆ ಹೋಗುವಾಗ ಒಂದು ದೈತ್ಯ ಪಾಮ್ ಹೂ ಬಿಟ್ಟಿದ್ದನ್ನು ಕಂಡರು. ಅದು ವಿಜ್ಞಾನಕ್ಕೇ ಗೊತ್ತಿರದ ಹೊಸ ಕುಲ ಎಂದು 2008ರಲ್ಲಿ ಪ್ರಕಟವಾಯಿತು. ಆಗ ಕಂಡಿದ್ದು ನೂರಕ್ಕಿಂತ ಕಡಿಮೆ ಮರಗಳು. ಅದರ ಬೀಜಗಳು ಹಲವು ದೇಶಗಳ ತೋಟಗಳಿಗೂ ಹವ್ಯಾಸಿಗಳಿಗೂ ಹೋದವು. ಮಾರಾಟದ ಹಣದಲ್ಲಿ ಪಾಲು ಅಲ್ಲಿನ ಹಳ್ಳಿಗೆ ಸಿಕ್ಕಿತು. ಮಾರಿಷಸ್ ಬಳಿಯ ರೌಂಡ್ ದ್ವೀಪದ ಬಾಟಲ್ ಪಾಮ್ ಕೂಡ ಹಾಗೆಯೇ. ಕಾಡಿನಲ್ಲಿ ಬೆರಳೆಣಿಕೆಯಷ್ಟಕ್ಕೆ ಇಳಿದ ಮರ ಜಗತ್ತಿನ ತೋಟಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿದೆ. ಅದರ ಹತ್ತಿರದ ಬಂಧು ಒಂದಕ್ಕೆ ಈ ಅದೃಷ್ಟ ಸಿಗಲಿಲ್ಲ. ಮಾರಿಷಸ್‌ನ ಕ್ಯೂರ್‌ಪೀಪ್ ಸಸ್ಯೋದ್ಯಾನದಲ್ಲಿ ಇಡೀ ಜಾತಿಯ ಒಂದೇ ಒಂದು ಮರ ಉಳಿದಿದೆ. ಅದರ ಗಂಡು ಹೂ ಮತ್ತು ಹೆಣ್ಣು ಹೂ ಒಟ್ಟಿಗೆ ಅರಳುವುದಿಲ್ಲ. ಹಿಂದೆ ಯಾರಾದರೂ ಹತ್ತು ಬೀಜ ಹಿತ್ತಲಲ್ಲಿ ಹಾಕಿದ್ದರೆ!

ಆದರೆ ತೋಟದ ಮರ ಕಾಡಿನ ಮರಕ್ಕೆ ಪೂರ್ತಿ ಬದಲಿ ಅಲ್ಲ. ಪಕ್ಕಪಕ್ಕದಲ್ಲಿ ಬೆಳೆದ ಜಾತಿಗಳು ಬೆರೆತುಹೋಗುತ್ತವೆ. ಈಚಲಿನ ಕುಲದಲ್ಲಂತೂ ಇದು ತುಂಬಾ ಸುಲಭ. ತೋಟದಲ್ಲಿ ಆರಿಸಿದ ಈಚಲು ಬೀಜ ಶುದ್ಧ ಜಾತಿಯದು ಎಂದು ನಂಬಿ ಹೆಸರು ಬರೆಯಬೇಡಿ. ಯಾವ ತೋಟ, ತಾಯಿ ಮರ ಯಾವುದು, ಸುತ್ತ ಏನೇನು ಹೂಬಿಟ್ಟಿತ್ತು ಎಂದು ಬರೆದಿಡಿ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ತೋಟ ಮಾಡಿದವರು ಹೋದ ಮೇಲೆ ತೋಟದ ಗತಿ ಏನು? ಕೆಲವರು ಮೊದಲೇ ಯೋಚಿಸಿದರು. ಅಮೆರಿಕದ ಕವಿ ಡಬ್ಲ್ಯು. ಎಸ್. ಮರ್ವಿನ್ 1977ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಅನಾನಸ್ ಬೆಳೆದು ಸವೆದಿದ್ದ ನೆಲ ಕೊಂಡರು. ಕೈಯಾರೆ ನೆಡುತ್ತಾ ಹೋದರು. ಕೊನೆಗೆ 19 ಎಕರೆಯಲ್ಲಿ 400ಕ್ಕೂ ಹೆಚ್ಚು ಜಾತಿಯ ಪಾಮ್‌ಗಳು ನಿಂತವು. 2010ರಲ್ಲಿ ತೋಟವನ್ನು ಕಾಯುವ ಒಂದು ಸಂಸ್ಥೆ ಶುರುವಾಯಿತು. ಅವರು 2019ರಲ್ಲಿ ತೀರಿಕೊಂಡರು, ತೋಟ ಉಳಿದಿದೆ. ಫ್ಲಾರಿಡಾದಲ್ಲಿ ರಾಬರ್ಟ್ ಮಾಂಟ್ಗೊಮರಿ ವೃತ್ತಿಯಲ್ಲಿ ಲೆಕ್ಕಪರಿಶೋಧಕರು, ಪ್ರೀತಿ ಮಾತ್ರ ಪಾಮ್ ಮೇಲೆ. ಅವರು 1953ರಲ್ಲಿ ತೀರಿಕೊಂಡ ಮೇಲೆ ಪತ್ನಿ ನೆಲ್ 1959ರಲ್ಲಿ ಆ ಜಾಗವನ್ನು ಸಂಶೋಧನೆಯ ತೋಟವಾಗಿಸಿದರು. ಇಂದಿಗೂ ಪಾಮ್ ಅಧ್ಯಯನ ಮಾಡುವವರು ಅಲ್ಲಿಗೆ ಹೋಗುತ್ತಾರೆ.

ಎಲ್ಲರಿಗೂ 19 ಎಕರೆ ಇರುವುದಿಲ್ಲ, ಅಲ್ವಾ? ಸಣ್ಣ ಹಿತ್ತಲ ತೋಟ ಮಾರಾಟವಾದಾಗ ಕೊಂಡವರಿಗೆ ಬೇಕಾದ್ದು ಬಯಲು ಜಾಗ. ಆಗ ಮರಗಳನ್ನು ಸಾಗಿಸೋಣ ಎಂದು ಓಡುತ್ತೇವೆ. ಎಲ್ಲವೂ ಸಾಗುವುದಿಲ್ಲ. ತೆಂಗಿನ ಬೇರು ಕತ್ತರಿಸಿದರೆ ಅರ್ಧದಷ್ಟಾದರೂ ಮತ್ತೆ ಚಿಗುರುತ್ತವೆ. ಸಬಾಲ್‌ನಲ್ಲಿ ಕತ್ತರಿಸಿದ ಬೇರು ಹೆಚ್ಚುಕಡಿಮೆ ಎಲ್ಲ ಸಾಯುತ್ತವೆ. ಬುಡದಿಂದ ಹೊಸ ಬೇರು ಬರುವವರೆಗೆ ಮರ ಕಾಂಡದ ನೀರಿನ ಮೇಲೇ ಬದುಕಬೇಕು. ಅದಕ್ಕೇ ಅದರ ಗರಿಯನ್ನೆಲ್ಲ ತೆಗೆದು ಸಾಗಿಸುತ್ತಾರೆ. ಇದು ದುಬಾರಿ ಕೆಲಸ, ಕೊನೆಗಳಿಗೆಯಲ್ಲಿ ಆಗುವಂಥದ್ದೂ ಅಲ್ಲ. ಯಜಮಾನರು ಗಟ್ಟಿಯಾಗಿರುವಾಗಲೇ ಬೀಜ ಹಂಚಿದರೆ, ಒಂದೇ ಜಾತಿ ನಾಲ್ಕು ತೋಟಗಳಲ್ಲಿ ಇರುತ್ತದೆ. ಬೀಜ ಬೇಗ ಹಂಚಬೇಕು, ಬೇಗ ಹಾಕಬೇಕು. ಅನೇಕ ಪಾಮ್ ಬೀಜಗಳು ಒಣಗಿದರೆ ಜೀವ ಕಳೆದುಕೊಳ್ಳುತ್ತವೆ.

ಭೇಟಿಯ ಶಿಸ್ತಿನ ಬಗ್ಗೆಯೂ ಹೇಳಲೇಬೇಕು. ಬೂಟಿನ ಮಣ್ಣು ತೊಳೆದುಕೊಂಡು ಬನ್ನಿ. ನಿಮ್ಮ ಕತ್ತರಿ, ಗರಗಸ ಮನೆಯಲ್ಲೇ ಇರಲಿ. ಕೆನರಿ ದ್ವೀಪದ ಈಚಲಿಗೆ ಬರುವ ಫ್ಯುಸೇರಿಯಂ ಸೊರಗು ರೋಗ ಮುಖ್ಯವಾಗಿ ಗರಿ ಕತ್ತರಿಸುವ ಸಲಕರಣೆಯಿಂದಲೇ ಒಂದು ಮರದಿಂದ ಇನ್ನೊಂದಕ್ಕೆ ಹೋಗುತ್ತದೆ. ಅದಕ್ಕೆ ಔಷಧಿ ಇಲ್ಲ. ತೆಂಗು ಬೆಳೆಯುವವರಿಗೆಲ್ಲ ಗೊತ್ತಿರುವ ಕೆಂಪು ಮೂತಿ ಹುಳು ಏಷ್ಯಾದಿಂದ ಹೊರಟು ಅಲಂಕಾರದ ಮರಗಳ ಒಳಗೆ ಕೂತು ಮೆಡಿಟರೇನಿಯನ್ ದೇಶಗಳಿಗೆ ಹೋಗಿ ಲೆಕ್ಕವಿಲ್ಲದಷ್ಟು ಮರ ತಿಂದಿದೆ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ 2013ರಲ್ಲಿ ಹವಾಯಿಯಲ್ಲಿ ಕಾಣಿಸಿಕೊಂಡಿತು. ಹಾಗಾಗಿ ಬೇರೆ ದೇಶದಿಂದ ಮಣ್ಣಿನ ಸಮೇತ ಸಸಿಯನ್ನು ಬ್ಯಾಗಿನಲ್ಲಿ ತರುವುದು ಬೇಡವೇ ಬೇಡ. ಬೀಜವಾದರೂ ನಿಯಮ ನೋಡಿಯೇ ತರಿಸಿ. ಕೆಳಗೆ ಬಿದ್ದ ಬೀಜವನ್ನೂ ಕೇಳಿಯೇ ಎತ್ತಿಕೊಳ್ಳಿ. ಕೇಳಿದರೆ ಇಲ್ಲ ಎಂದವರನ್ನು ನಾನು ಕಂಡಿಲ್ಲ.

ಹಳದಿಯಾದ ಕೆಳಗಿನ ಗರಿ ಕಂಡು "ಇದನ್ನು ತೆಗೆಸಿ" ಎಂದು ಸಲಹೆ ಕೊಡುವವರಿಗೆ ಒಂದು ಮಾತು. ಪೊಟ್ಯಾಶ್ ಸಾಲದಿದ್ದಾಗ ಮರ ಹಳೆಯ ಗರಿಯಿಂದ ಅದನ್ನು ಹೀರಿ ಹೊಸ ಗರಿಗೆ ಕೊಡುತ್ತದೆ. ಹಳೆಯದನ್ನು ಕತ್ತರಿಸಿದರೆ ಅದರ ಮೇಲಿನದಕ್ಕೆ ಕೈಹಾಕುತ್ತದೆ. ಅಂದಕ್ಕೆಂದು ತಲೆ ಬೋಳಿಸಿದ ಪಾಮ್ ಹಸಿದ ಪಾಮ್. ಪೂರ್ತಿ ಒಣಗಿದ ಗರಿಯನ್ನು ಮಾತ್ರ ತೆಗೆಯಿರಿ.

ಇನ್ನು ನಮ್ಮ ಸದಸ್ಯರಿಗೆ ಎರಡು ಕೋರಿಕೆ. ತೋಟ ಇರುವವರು ಪಟ್ಟಿ ಮಾಡಲು ಶುರು ಮಾಡಿ. ಜಾತಿ, ಬೀಜದ ಮೂಲ, ನೆಟ್ಟ ವರ್ಷ, ಸತ್ತಿದ್ದರೆ ಸತ್ತ ಕಾರಣ, ಇಷ್ಟು ಸಾಕು. ಕೈಬರಹವಾದರೂ ಸರಿ, ಫೋಟೋ ತೆಗೆದು ಕಳಿಸಿ. ಟೈಪ್ ಮಾಡಿ ಒಂದು ಪ್ರತಿ ನಿಮಗೂ ಒಂದು ಪ್ರತಿ ಸಂಘದ ಕಡತಕ್ಕೂ ಇಡುತ್ತೇವೆ.

ಎರಡನೆಯದು ಪರಾಗದ ವಿಷಯ. ಈಚಲು, ತಾಳೆ, ಬಿಸ್ಮಾರ್ಕಿಯಾ ಇವುಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಬ್ಬರ ಹಿತ್ತಲಲ್ಲಿ ಎರಡೂ ಇರುವುದು ಅಪರೂಪ. ಖರ್ಜೂರ ಬೆಳೆಯುವವರು ಗಂಡು ಹೂವಿನ ಪುಡಿಯನ್ನು ಒಣಗಿಸಿ ಫ್ರೀಜರ್‌ನಲ್ಲಿಟ್ಟು ಮುಂದಿನ ಹಂಗಾಮಿಗೂ ಬಳಸುತ್ತಾರೆ. ನಾವೂ ಅದನ್ನೇ ಮಾಡಬಹುದು. ನಿಮ್ಮಲ್ಲಿ ಗಂಡು ಮರ ಹೂಬಿಟ್ಟಿದ್ದರೆ ಗೊನೆ ಒಡೆದ ಕೂಡಲೇ ತಿಳಿಸಿ. ಹೆಣ್ಣು ಮರ ಇದ್ದವರೂ ಬರೆಯಿರಿ. ಯಾರ ಬಳಿ ಯಾವುದು ಇದೆ ಎಂಬ ಪಟ್ಟಿಗೆ ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಬಿಟ್ಟಿದ್ದೇವೆ.