ಭಾನುವಾರ ವಿ. ಕೆ. ಮೂರ್ತಿಯವರ ಸಿನಿಮಾ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ, ಎಂದಿನ ಜಾಗದಲ್ಲೇ, 1959ರ ‘ಕಾಗಜ್ ಕೆ ಫೂಲ್’ ನೋಡೋಣ. ಛಾಯಾಗ್ರಹಣ ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರದು. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕಲಿತು ಬೊಂಬಾಯಿಗೆ ಹೋದವರು, ಈ ಚಿತ್ರದ ನಿರ್ದೇಶಕ ಗುರುದತ್ ಜೊತೆ ಜಾಸ್ತಿ ಕೆಲಸ ಮಾಡಿದವರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ.

ಖಾಲಿ ಸ್ಟುಡಿಯೋದೊಳಗೆ ಇಳಿಯುವ ಬೆಳಕಿನ ಕೋಲನ್ನು ತಪ್ಪಿಸಿಕೊಳ್ಳಬೇಡಿ. ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ಒಳಗೆ ತಿರುಗಿಸಿದ್ದು ಅದು! ಕಥೆ ಸ್ವಲ್ಪ ನಿಧಾನ, ಆದರೆ ಆ ದೃಶ್ಯಕ್ಕಾಗಿಯೇ ಬರಬಹುದು.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಕುರ್ಚಿ ಜೋಡಿಸಲು ಇಬ್ಬರು 4.30ಕ್ಕೇ ಬಂದರೆ ಅನುಕೂಲ. ಯಾರು ಬರುತ್ತೀರಿ? ಚಿತ್ರ ನಡೆಯುವಾಗ ಫೋನ್ ಬೆಳಕು ಬೇಡ. ಕಪ್ಪು-ಬಿಳುಪು ಚಿತ್ರಕ್ಕೆ ಕತ್ತಲು ಬೇಕೇ ಬೇಕು, ಅಲ್ವಾ?