ಕಾರ್ನ್‌ವಾಲಿಸ್ ಇಲ್ಲೂ ಸಿಕ್ಕ ಮಾರಾಯ

ಪ್ರೀತಿಯ ಗೆಳೆಯ,

ಟಿಪ್ಪುವಿನ ಮಕ್ಕಳನ್ನು ಒತ್ತೆಯಿಟ್ಟುಕೊಂಡನಲ್ಲ, ಅದೇ ಕಾರ್ನ್‌ವಾಲಿಸ್. 1791ರಲ್ಲಿ ಬೆಂಗಳೂರಿನ ಕೋಟೆ ಹಿಡಿಯುವ ಮೊದಲು ಅವನು ಅಮೆರಿಕದ ಈ ಕ್ಯಾರೊಲಿನಾ ಸೀಮೆಯಲ್ಲಿ, ಸ್ವಾತಂತ್ರ್ಯಕ್ಕೆಂದು ದಂಗೆಯೆದ್ದವರ ಮೇಲೆ ಬ್ರಿಟಿಷರ ದಂಡು ನಡೆಸುತ್ತಿದ್ದ. ಅವನ ದಂಡಿನ ಎಡಪಕ್ಕವನ್ನು ಮುರಿಯಲು ಜನ ಬಂದ ದಾರಿಯಲ್ಲೇ ಒಂದಿಷ್ಟು ನಡೆದು ಬಂದೆ. ಓವರ್‌ಮೌಂಟನ್ ವಿಕ್ಟರಿ ಟ್ರೇಲ್ ಅಂತ ಅದರ ಹೆಸರು. ನಾಲ್ಕು ರಾಜ್ಯ, ಸುಮಾರು 330 ಮೈಲಿ. ಬಹುಪಾಲು ಈಗ ಕಾರು ಓಡುವ ರಸ್ತೆ, ಅಲ್ಲಲ್ಲಿ ಮಾತ್ರ ಕಾಲುದಾರಿ.

ಆ ಪಕ್ಕ ಕಾಯುತ್ತಿದ್ದವನು ಮೇಜರ್ ಫರ್ಗ್ಯುಸನ್. ದಂಗೆ ನಿಲ್ಲಿಸದಿದ್ದರೆ ಬೆಟ್ಟ ಹತ್ತಿ ಬಂದು ನಿಮ್ಮ ನಾಯಕರನ್ನು ನೇಣಿಗೆ ಹಾಕುತ್ತೇನೆ, ಊರಿಗೆ ಬೆಂಕಿಯಿಡುತ್ತೇನೆ ಎಂದು ಅಪಲೇಚಿಯನ್ ಬೆಟ್ಟಸಾಲಿನಾಚೆಯ ರೈತರಿಗೆ ಹೇಳಿಕಳಿಸಿದ. ಅವನು ಬರುವವರೆಗೆ ಯಾರು ಕಾಯುತ್ತಾರೆ? 1780ರ ಸೆಪ್ಟೆಂಬರ್ 25ಕ್ಕೆ ವಟಾಗಾ ನದಿಯ ದಂಡೆಯಲ್ಲಿ ಇವರೇ ಸೇರಿದರು. ಅದೇ ತಿಂಗಳ 10ಕ್ಕೆ ಪೊಳ್ಳಿಲೂರಿನಲ್ಲಿ ಹೈದರನ ಸೇನೆ ಬೈಲಿ ಎಂಬ ಇಂಗ್ಲಿಷ್ ದಂಡನಾಯಕನ ಪಡೆಯನ್ನು ಮುರಿದಿತ್ತು. ದರಿಯಾ ದೌಲತ್ತಿನ ಗೋಡೆ ಮೇಲೆ ಚಿತ್ರ ನೋಡಿದ್ದೆವಲ್ಲ, ಅದೇ ಕಾಳಗ!

ಸಂಬಳವಿಲ್ಲ, ಸಮವಸ್ತ್ರವಿಲ್ಲ. ಕುದುರೆ, ಬಂದೂಕು ಅವರವರದೇ. ಮೇರಿ ಪ್ಯಾಟನ್ ಎಂಬಾಕೆ 500 ಪೌಂಡು ಬಂದೂಕಿನ ಮದ್ದು ಅರೆದು ಕೊಟ್ಟಳಂತೆ. ಯೆಲ್ಲೊ ಮೌಂಟನ್ ಗ್ಯಾಪ್ ಎಂಬ ಕಣಿವೆ ದಾಟುವಾಗ ಕಾಲಡಿ ಹಿಮ. ಅಲ್ಲಿಂದಲೇ ಇಬ್ಬರು ಜಾರಿಕೊಂಡು ಫರ್ಗ್ಯುಸನ್‌ಗೆ ಸುದ್ದಿ ಮುಟ್ಟಿಸಲು ಓಡಿದರು. ಕೊನೆಯ ರಾತ್ರಿ ಸುಮಾರು 900 ಸವಾರರು ಮಳೆಯಲ್ಲಿ ನೆನೆದುಕೊಂಡೇ ಸಾಗಿ, ಅಕ್ಟೋಬರ್ 7ರ ಮಧ್ಯಾಹ್ನ ಕಿಂಗ್ಸ್ ಮೌಂಟನ್ ಗುಡ್ಡವನ್ನು ಸುತ್ತಲಿಂದ ಮುತ್ತಿದರು. ಗುಡ್ಡದ ತಲೆಯಿಂದ ಹೊಡೆದ ಗುಂಡು ಕೆಳಗಿನವರ ತಲೆಯ ಮೇಲೆ ಹಾದುಹೋಗುತ್ತಿತ್ತು. ಇವರೋ ಮರದಿಂದ ಮರಕ್ಕೆ ಸರಿಯುತ್ತ ಗುರಿಯಿಟ್ಟು ಹೊಡೆದರು. ಒಂದು ಗಂಟೆ ಚಿಲ್ಲರೆಯಲ್ಲಿ ಎಲ್ಲ ಮುಗಿದು, ಫರ್ಗ್ಯುಸನ್ ಸತ್ತ. ಕಾರ್ನ್‌ವಾಲಿಸ್ ತಾನು ಬೀಡುಬಿಟ್ಟಿದ್ದ ಶಾರ್ಲೆಟ್ ಊರು ಬಿಟ್ಟು ಹಿಂದೆ ಸರಿದ.

ಆದರೆ ಆ ಗುಡ್ಡದ ಮೇಲೆ ಬ್ರಿಟನ್ನಿನವನು ಎಂದರೆ ಹೆಚ್ಚುಕಡಿಮೆ ಫರ್ಗ್ಯುಸನ್ ಒಬ್ಬನೇ ಕಣೋ. ಉಳಿದವರೆಲ್ಲ, ರಾಜನ ಪರ ನಿಂತವರೂ ವಿರುದ್ಧ ನಿಂತವರೂ, ಇಲ್ಲಿನವರೇ. ಒಂದು ವಾರದ ನಂತರ ಗೆದ್ದವರು ಒಂಬತ್ತು ಜನ ಸೆರೆಯಾಳುಗಳನ್ನು ನೇಣಿಗೆ ಹಾಕಿದರು. ಡಿಸೆಂಬರಿನಲ್ಲಿ ಅದೇ ನಾಯಕರಲ್ಲೊಬ್ಬನಾದ ಸೆವಿಯರ್, ಆರ್ಥರ್ ಕ್ಯಾಂಪ್‌ಬೆಲ್ ಎಂಬವನ ಜೊತೆ ಸೇರಿ, ಇಲ್ಲಿನ ಮೂಲನಿವಾಸಿಗಳಾದ ಚೆರೋಕಿಗಳ ಊರುಗಳಿಗೆ ಬೆಂಕಿಯಿಟ್ಟ. ಫರ್ಗ್ಯುಸನ್ ಬೆದರಿಸಿದ್ದನ್ನು ಇವರು ಮಾಡಿ ತೋರಿಸಿದರು! ಬೆಟ್ಟ ದಾಟಿ ನೆಲೆಸಬಾರದೆಂದು ಇಂಗ್ಲೆಂಡಿನ ರಾಜ 1763ರಲ್ಲೇ ಆಜ್ಞೆ ಹೊರಡಿಸಿದ್ದ. ಇವರು ಬೇಸಾಯ ಮಾಡುತ್ತಿದ್ದ ನೆಲವೇ ಮೊದಲು ಚೆರೋಕಿಗಳದಾಗಿತ್ತು. ಶೌರ್ಯ ಸುಳ್ಳೆನ್ನುತ್ತಿಲ್ಲ. ಆದರೆ ವಿಕ್ಟರಿ ಎಂದು ಹೆಸರಿಟ್ಟ ದಾರಿಯಲ್ಲಿ ನನಗೆ ಆ ಡಿಸೆಂಬರ್ ಬಿಟ್ಟರೆ ಬೇರೇನೂ ಹೊಳೆಯಲಿಲ್ಲ.

ನೀನು ಬರುವುದಾದರೆ ಸೆಪ್ಟೆಂಬರ್ ಕೊನೆಗೆ ಟಿಕೆಟ್ ಮಾಡಿಸು. ಪ್ರತಿವರ್ಷ ಆಗ ಹಳೇ ಕಾಲದ ವೇಷ ತೊಟ್ಟ ಜನ ಇದೇ ದಾರಿ ಹಿಡಿದು ಹೊರಡುತ್ತಾರೆ. ಟೆನ್ನೆಸ್ಸೀ ಕಡೆಯ ಹ್ಯಾಂಪ್ಟನ್ ಕ್ರೀಕ್‌ನಿಂದ ಯೆಲ್ಲೊ ಮೌಂಟನ್ ಗ್ಯಾಪ್‌ಗೆ ಹತ್ತಿಸುತ್ತೇನೆ. ಏರು ಇದೆ, ನಿನ್ನ ಮಂಡಿಯನ್ನು ಈಗಿನಿಂದಲೇ ರೆಡಿ ಮಾಡಿಕೋ. ಸ್ವೆಟರ್ ತಾ.

ಇಂತಿ ನಿನ್ನ ಗೆಳೆಯ